ಉಪ್ಪು ಯಾವ ದಾರಿ ಹಿಡಿಯಿತು?

ಪಾಟ್‌ಹೋಲ್ ಎಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಸೊಂಟನೋವು. ಅಮೆರಿಕದ ಉತ್ತರ ಡಕೋಟಾ, ಮೊಂಟಾನಾ ರಾಜ್ಯಗಳ ರೈತರಿಗೆ ನೆನಪಾಗುವುದು ಬಾತುಕೋಳಿ. ಸುಮಾರು ಹನ್ನೆರಡು ಸಾವಿರ ವರ್ಷಗಳ ಹಿಂದೆ ಹಿಮನದಿಗಳು ಕರಗಿ ಸರಿದಾಗ ಅಲ್ಲಿನ ಹುಲ್ಲುಗಾವಲಿನ ತುಂಬ ಲಕ್ಷಾಂತರ ತಗ್ಗುಗಳು ಉಳಿದವು. ಅವಕ್ಕೇ ಆ ಹೆಸರು. ನೀರು ನಿಂತು ಜೌಗಾದ ಈ ಗುಂಡಿಗಳಲ್ಲೇ ಉತ್ತರ ಅಮೆರಿಕದ ಅರ್ಧಕ್ಕೂ ಹೆಚ್ಚು ಬಾತುಗಳು ಮರಿಯಾಗುತ್ತವೆ. 1951ರಲ್ಲಿ ಉತ್ತರ ಡಕೋಟಾದ ಟಯೋಗಾ ಊರಿನ ಬಳಿ ತೈಲ ಸಿಕ್ಕಿತು. ಗುಂಡಿಗಳ ಪಕ್ಕದಲ್ಲೇ ಬಾವಿಗಳು ಎದ್ದವು.

ತೈಲಬಾವಿ ಎಂದರೆ ಕಪ್ಪು ಎಣ್ಣೆ ಮೆತ್ತಿಕೊಂಡ ಹಕ್ಕಿಯ ಚಿತ್ರವೇ ಎಲ್ಲರ ಕಣ್ಣಮುಂದೆ ಬರುತ್ತದೆ. ಇಲ್ಲಿನ ಕಥೆ ಬೇರೆ. ತೈಲದ ಜೊತೆ ಆಳದಿಂದ ಉಪ್ಪುನೀರೂ ಮೇಲೆ ಬರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಈ ನೀರಿನಲ್ಲಿ ಅದು 300 ಗ್ರಾಂ ದಾಟುವುದುಂಟು. ಚೆಲ್ಲಿದ ತೈಲವನ್ನು ಬ್ಯಾಕ್ಟೀರಿಯಾಗಳು ನಿಧಾನವಾಗಿಯಾದರೂ ತಿಂದು ಮುಗಿಸುತ್ತವೆ. ಉಪ್ಪನ್ನು ತಿನ್ನುವವರು ಯಾರು? ಕಾನೂನು ಬಿಗಿಯಾಗುವ ಮುನ್ನ ಬಾವಿಯ ಪಕ್ಕ ಹೊಂಡ ತೋಡಿ ಈ ನೀರನ್ನು ಬಿಡುತ್ತಿದ್ದರು. ಆಮೇಲೆ ಹೊಂಡಕ್ಕೆ ಮಣ್ಣು ಮುಚ್ಚಿ ಹೊರಟುಹೋದರು. ಉಪ್ಪು ಮಾತ್ರ ಅಲ್ಲೇ ಉಳಿದು, ನೆಲದೊಳಗೇ ನಡೆಯತೊಡಗಿತು.

‘ಆ ಕಡೆಯ ಕೆರೆಗಳು ಮೊದಲಿನಿಂದಲೂ ಉಪ್ಪೇ’ ಎಂಬ ವಾದವೊಂದಿದೆ. ಅರ್ಧ ನಿಜ, ಹಾಗಾಗಿಯೇ ಪೂರ್ತಿ ಸುಳ್ಳಿಗಿಂತ ಹೆಚ್ಚು ಕಿರಿಕಿರಿ. ಅಲ್ಲಿನ ಸಹಜ ಉಪ್ಪಿನಲ್ಲಿ ಸಲ್ಫೇಟ್‌ನದೇ ದರ್ಬಾರು. ಬಾವಿಯಿಂದ ಬಂದದ್ದು ನಮ್ಮ ಅಡುಗೆ ಉಪ್ಪಿನ ಜಾತಿಯ ಕ್ಲೋರೈಡ್. ಒಂದು ಬಾಟಲಿ ನೀರು ಸಿಕ್ಕರೆ ಪ್ರಯೋಗಾಲಯದವರು ಹೆಚ್ಚೂಕಡಿಮೆ ಕಳ್ಳನ ಜಾತಕವನ್ನೇ ಹೇಳಬಲ್ಲರು. ಆದರೆ ಅವನು ಯಾವ ದಾರಿಯಲ್ಲಿ ಬಂದ, ಮುಂದೆ ಯಾರ ಮನೆಗೆ ನುಗ್ಗುತ್ತಾನೆ ಎಂಬುದನ್ನು ಬಾಟಲಿ ಹೇಳದು. ಅದಕ್ಕೆ ಎಲ್ಲಿ ಜೇಡಿ, ಎಲ್ಲಿ ಮರಳು ಎಂದು ತೋರಿಸುವ ನೆಲದಡಿಯ ನಕ್ಷೆ, ಅಂದರೆ ಭೂವೈಜ್ಞಾನಿಕ ನಕ್ಷೆ ಬೇಕು.

ನನಗೆ ಬಲು ಇಷ್ಟವಾದ ಭಾಗ ಇದು. ಹಿಮನದಿ ಮಹಾ ಸೋಮಾರಿ ಗಾಡಿಕಾರ. ಬಂಡೆ, ಜಲ್ಲಿ, ಮರಳು, ಜೇಡಿ ಎಲ್ಲವನ್ನೂ ಬೇರ್ಪಡಿಸದೆ ಒಂದೇ ರಾಶಿಯಾಗಿ ಸುರಿದು ಹೋಗುತ್ತದೆ. ಅದು ಕರಗಿ ಹರಿದ ನೀರು ಮಾತ್ರ ಅಚ್ಚುಕಟ್ಟು: ಕಣದಲ್ಲಿ ಗಾಳಿಗೆ ತೂರಿದಾಗ ಹೊಟ್ಟು ದೂರ ಹಾರಿ ಕಾಳು ಕಾಲಬುಡದಲ್ಲೇ ಬೀಳುವಂತೆ, ಜೇಡಿಯನ್ನು ದೂರ ಒಯ್ದು ಜಲ್ಲಿ ಮರಳನ್ನು ಹಿಂದೆ ಬಿಡುತ್ತದೆ. ಇದರಿಂದ ಏನಾಯಿತು? ಜಾತ್ರೆಯನ್ನು ನೆನೆಸಿಕೊಳ್ಳಿ. ಬರೀ ದೊಡ್ಡವರೇ ನಿಂತಿದ್ದರೆ ನಡುವೆ ನುಸುಳಬಹುದು. ಆ ಸಂದಿಗಳಲ್ಲೆಲ್ಲ ಮಕ್ಕಳು ತುಂಬಿಕೊಂಡರೆ ಹೆಜ್ಜೆಯಿಡಲು ಜಾಗವಿಲ್ಲ. ಕಲಸಿದ ರಾಶಿಯಲ್ಲಿ ಜೇಡಿಯ ಕಣಗಳೇ ಆ ಮಕ್ಕಳು. ಅಲ್ಲಿ ಉಪ್ಪುನೀರು ದಶಕಗಟ್ಟಲೆ ಜಿನುಗುತ್ತದೆ, ಬಿರುಕು ಸಿಕ್ಕರೆ ಇನ್ನಷ್ಟು ಬೇಗ. ತೊಳೆದ ಮರಳಿನಲ್ಲಾದರೋ ಕೊಡದಲ್ಲಿ ತುಂಬಿದ ಗೋಲಿಗಳ ನಡುವೆ ಇಳಿದಂತೆ ಸಲೀಸಾಗಿ ಸಾಗುತ್ತದೆ. ಜೊತೆಗೆ ಈ ನೀರು ಸಿಹಿನೀರಿಗಿಂತ ಭಾರ, ತಳ ಹಿಡಿದು ಹೋಗುತ್ತದೆ. ಜೇಡಿಯ ಕೆಳಗೆ ಮರಳಿನ ನಾಲಿಗೆಯೊಂದು ಅಡಗಿದ್ದರಂತೂ ಮೇಲೆ ನಿಂತವರಿಗೆ ಸುಳಿವೇ ಇರುವುದಿಲ್ಲ. ಮೊಂಟಾನಾದ ಶೆರಿಡನ್ ಕೌಂಟಿಯ ಗೂಸ್ ಲೇಕ್ ಬಳಿ ಇಂಥ ಉಪ್ಪಿನ ಪ್ರಯಾಣವನ್ನು ವಿಜ್ಞಾನಿಗಳು ದಶಕಗಳಿಂದ ಬೆನ್ನಟ್ಟಿದ್ದಾರೆ.

‘ಉಪಗ್ರಹಗಳಿರುವಾಗ ನಡೆದಾಡಿ ನಕ್ಷೆ ಬರೆಯಲು ದುಡ್ಡೇಕೆ?’ ಎನ್ನುವವರಿಗೆ ಏನು ಹೇಳುವುದು! ಚರ್ಮ ನೋಡಿ ಮೂಳೆ ಎಣಿಸಲಾಗುತ್ತದೆಯೇ? ನಮ್ಮಲ್ಲಂತೂ ಬೋರ್‌ವೆಲ್ ಕೊರೆಸುವ ಮುನ್ನ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರಿಗೆ ಧಾರಾಳವಾಗಿ ಕೊಡುತ್ತೇವೆ. ಅಮೆರಿಕದವರೂ ಕವಲುಕಡ್ಡಿ ಹಿಡಿದವರ ಹಿಂದೆ ಸುತ್ತಿದವರೇ. 1917ರಲ್ಲಿ ಅಲ್ಲಿನ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಗೆ ಸಾಕಾಗಿ ಹೋಯಿತು. ಕಡ್ಡಿಯ ಇತಿಹಾಸವನ್ನೆಲ್ಲ ಅಚ್ಚುಹಾಕಿ, ಇದನ್ನು ಇನ್ನೂ ಪರೀಕ್ಷಿಸುತ್ತ ಕೂರುವುದು ಸಾರ್ವಜನಿಕ ಹಣದ ದುರ್ಬಳಕೆ ಎಂದು ಮುನ್ನುಡಿಯಲ್ಲೇ ಬರೆದುಬಿಟ್ಟಿತು.

ಸದ್ಬಳಕೆ ಯಾವುದು ಎಂದು ಕಾನೂನಿನಲ್ಲಿ ಬರೆಯಲು ಮತ್ತೆ 75 ವರ್ಷ ಹಿಡಿಯಿತು. 1992ರ ಭೂವೈಜ್ಞಾನಿಕ ನಕ್ಷೆ ಕಾಯ್ದೆಯ ಪ್ರಕಾರ ಒಕ್ಕೂಟ ಸರ್ಕಾರ ಒಂದು ಡಾಲರ್ ಕೊಟ್ಟರೆ ರಾಜ್ಯವೂ ಒಂದು ಡಾಲರ್ ಹಾಕಬೇಕು. ವಿದ್ಯಾರ್ಥಿಗಳ ನಕ್ಷೆ ಕೆಲಸಕ್ಕೂ ಹೀಗೇ, ಅಲ್ಲಿ ಪಾಲು ಹಾಕುವುದು ವಿಶ್ವವಿದ್ಯಾಲಯ. ದಂಡದ ಖರ್ಚೇ? ಕೆಂಟಕಿ ರಾಜ್ಯ 1960ರಿಂದ 1978ರವರೆಗೆ 707 ಹಾಳೆಗಳಲ್ಲಿ ತನ್ನ ಇಡೀ ನೆಲದ ನಕ್ಷೆ ಬರೆಸಿತು. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಲಾಭ ಖರ್ಚಿನ 25 ಪಟ್ಟಿಗೂ ಕಡಿಮೆಯಿರಲಿಲ್ಲ.

ಆ ಹಣ ಕೊನೆಗೆ ಸೇರುವುದು ಕೆಸರು ಮೆತ್ತಿದ ಬೂಟುಗಳಿಗೆ. ಒಬ್ಬಳು ಹನ್ನೆರಡು ಅಡಿಯ ಕೊಳವೆಯಂಥ ಉಪಕರಣವನ್ನು ಹೆಗಲಿಗೆ ತೂಗುಹಾಕಿಕೊಂಡು ಜೌಗಿನ ಅಂಚಿನಲ್ಲಿ ನಡೆಯುತ್ತಾಳೆ. ನೆಲದಡಿ ಉಪ್ಪಿದ್ದರೆ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಅಂಕಿ ಏರುತ್ತದೆ. ಅಂಕಿ ಏರಿದ ಕಡೆ ಇನ್ನೊಬ್ಬ ಕೈಬೈರಿಗೆ ತಿರುಗಿಸುತ್ತಾನೆ. ಮೇಲೆ ಬಂದ ಮಣ್ಣನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ: ಜೇಡಿ, ಜೇಡಿ, ಮತ್ತೆ ಜೇಡಿ, ಆರನೆಯ ಅಡಿಗೆ ಒದ್ದೆ ಮರಳು. ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಇಬ್ಬರೂ 240 ಮೀಟರ್ ಮುಂದೆ ಹೋಗಿ ಮತ್ತೆ ಕೊರೆಯುತ್ತಾರೆ. 1:24,000 ಅಳತೆಯ ಹಾಳೆಯ ಮೇಲೆ ಅದು ಒಂದು ಸೆಂಟಿಮೀಟರ್.