ಯೆರಾಬ್ಲುರ್: ಸಮಾಧಿ ಕಲ್ಲಿನ ಇಸವಿಗಳನ್ನು ಓದುವುದು ಹೇಗೆ?

ಆರ್ಮೇನಿಯಾದ ಇತ್ತೀಚಿನ ಚರಿತ್ರೆ ಓದುವಾಗ ಯುದ್ಧಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಅಲ್ವಾ? ರಾಜಧಾನಿ ಯೆರೆವಾನ್‌ನ ಅಂಚಿನಲ್ಲಿ, ಗುಡ್ಡದ ಮೇಲಿರುವ ಯೆರಾಬ್ಲುರ್ ಸೇನಾ ಸ್ಮಶಾನದಿಂದ ಶುರು ಮಾಡಿ. ಎಳೆಗಳು ಬೇಗ ಬಿಡಿಸಿಕೊಳ್ಳುತ್ತವೆ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳಿ. 1915ರಲ್ಲಿ ಒಟ್ಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರ ಮೇಲೆ ನಡೆದ ನರಮೇಧದ ಸ್ಮಾರಕ ಇದಲ್ಲ. ಅದು ಟ್ಸಿಟ್ಸೆರ್ನಾಕಾಬೆರ್ದ್, 1967ರದ್ದು. ಜನ ಅಲ್ಲಿಗೆ ಹೋಗುವುದು ಏಪ್ರಿಲ್ 24ಕ್ಕೆ. ಯೆರಾಬ್ಲುರ್ ಸೈನಿಕರದ್ದು. ಜನವರಿ 28, ಸೇನಾ ದಿನ, ಸರ್ಕಾರದ ಮುಖ್ಯಸ್ಥರು ಇಲ್ಲಿಗೆ ಬಂದು ಹೂವಿಡುತ್ತಾರೆ.

ಈ ಯುದ್ಧಗಳು ನಡೆದದ್ದು ನಾಗೋರ್ನೊ ಕರಬಾಖ್ ಎಂಬ ಗುಡ್ಡಗಾಡು ಪ್ರದೇಶಕ್ಕಾಗಿ. ಅದು ಸೋವಿಯತ್ ಕಾಲದಲ್ಲಿ ನೆರೆಯ ಅಜರ್‌ಬೈಜಾನ್‌ಗೆ ಸೇರಿತ್ತು, ಆದರೆ ಅಲ್ಲಿ ಆರ್ಮೇನಿಯನ್ನರೇ ಜಾಸ್ತಿ. 1988ರಲ್ಲಿ ಜಗಳ ಶುರುವಾಯಿತು, ಮುಂದೆ ಯುದ್ಧವಾಯಿತು, 1994ರ ಮೇ ತಿಂಗಳಲ್ಲಿ ಕದನವಿರಾಮವಾಯಿತು. ಆ ಕಾಲದ ಸಮಾಧಿಗಳಲ್ಲಿ ಸ್ವಯಂಸೇವಕರು ತುಂಬಾ ಜನ. ಸೇನೆ ಇನ್ನೂ ಸರಿಯಾಗಿ ಕಟ್ಟಿರದಿದ್ದಾಗ ಮನೆ, ಕೆಲಸ ಬಿಟ್ಟು ಹೋದವರು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಕರಬಾಖ್‌ನಲ್ಲಿ ದಳ ನಡೆಸಿ, 1993ರ ಜೂನ್‌ನಲ್ಲಿ ಸತ್ತ ಮೊಂಟೆ ಮೆಲ್ಕೋನಿಯನ್ ಇಲ್ಲೇ ಇದ್ದಾರೆ. 1999ರಲ್ಲಿ ಸಂಸತ್ತಿನೊಳಗೇ ಗುಂಡಿಗೆ ಬಲಿಯಾದ ಪ್ರಧಾನಿ ವಾಜ್ಗೆನ್ ಸರ್ಗ್ಸ್ಯಾನ್ ಕೂಡ.

ಈಗ 2020ರ ಭಾಗಕ್ಕೆ ಬನ್ನಿ. ನನಗೆ ಓದಲು ಅತಿ ಕಷ್ಟವಾದದ್ದು ಇದೇ. ಕಲ್ಲಿನ ಮೇಲೆ ಹುಡುಗನ ಮುಖ ಕೆತ್ತಿರುತ್ತಾರೆ, ಪಕ್ಕದಲ್ಲಿ ಕೆಂಪು, ನೀಲಿ, ಕಿತ್ತಳೆ ಬಣ್ಣದ ಬಾವುಟ. ಹುಟ್ಟಿದ ಇಸವಿ ನೋಡಿ: 2000, 2001, 2002. ಆಗ ಆರ್ಮೇನಿಯಾದಲ್ಲಿ 18 ತುಂಬಿದ ಗಂಡು ಮಕ್ಕಳು ಎರಡು ವರ್ಷ ಸೇನೆಯಲ್ಲಿರುವುದು ಕಡ್ಡಾಯವಾಗಿತ್ತು. ಸೆಪ್ಟೆಂಬರ್ 27ರಿಂದ ಕರಬಾಖ್‌ಗಾಗಿ ಮತ್ತೆ 44 ದಿನ ನಡೆದ ಯುದ್ಧ ಆ ವಯಸ್ಸಿನವರನ್ನೇ ನುಂಗಿತು. ಆರ್ಮೇನಿಯಾ ಕಡೆ ಸತ್ತವರು 3,800ಕ್ಕೂ ಹೆಚ್ಚು. ಎಲ್ಲರೂ ಯೆರಾಬ್ಲುರ್‌ನಲ್ಲಿಲ್ಲ, ಎಷ್ಟೋ ಜನರನ್ನು ಅವರವರ ಊರಲ್ಲೇ ಮಣ್ಣು ಮಾಡಿದರು. ಹಾಗಾಗಿ ಇಲ್ಲಿನ ಸಮಾಧಿಗಳನ್ನೆಣಿಸಿ ಯುದ್ಧದ ಸಾವಿನ ಲೆಕ್ಕ ಹಾಕಬೇಡಿ.

ಒಂದು ಸಮಾಧಿ ಮಾತ್ರ ಈ ಯುದ್ಧಗಳ ಇಸವಿಗಳಿಗೆ ಹೊಂದುವುದಿಲ್ಲ. ಅಂದ್ರಾನಿಕ್ ಒಜಾನಿಯನ್ ತೀರಿಕೊಂಡದ್ದು 1927ರಲ್ಲಿ, ಅಮೆರಿಕದಲ್ಲಿ. ಅಲ್ಲಿಂದ ದೇಹ ಪ್ಯಾರಿಸ್‌ಗೆ ಹೋಯಿತು, 2000ದಲ್ಲಿ ಇಲ್ಲಿಗೆ ಬಂತು. ಒಟ್ಟೊಮನ್ನರ ವಿರುದ್ಧ ಹೋರಾಡಿದ ಆ ಹಳೆಯ ಸೇನಾನಿಯನ್ನು ಕರಬಾಖ್‌ನ ಸೈನಿಕರ ಜೊತೆ ಮಲಗಿಸಿದ್ದು ಸುಮ್ನೆ ಅಲ್ಲ. ಎರಡೂ ಒಂದೇ ಹೋರಾಟ ಎಂದು ಹೊಸ ದೇಶ ತನ್ನ ಮಕ್ಕಳಿಗೆ ಹೇಳಿತು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಈ ಮಾತನ್ನು ಬಿಡಬೇಡಿ.

ಜೊತೆಗೆ ಅಜರ್‌ಬೈಜಾನ್‌ನ ರಾಜಧಾನಿ ಬಾಕುವಿನಲ್ಲಿರುವ ಸ್ಮಶಾನ, ಹುತಾತ್ಮರ ಓಣಿಯ ಬಗ್ಗೆಯೂ ಓದಿ. 2020ರಲ್ಲಿ ಅಜರ್‌ಬೈಜಾನ್ ಸುಮಾರು 2,900 ಸೈನಿಕರನ್ನು ಕಳೆದುಕೊಂಡಿತು. 2023ರ ಸೆಪ್ಟೆಂಬರ್‌ನಲ್ಲಿ ಕರಬಾಖ್ ಪೂರ್ತಿ ಅದರ ಕೈಗೆ ಬಂತು, ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಊರು ಬಿಟ್ಟರು. ಯೆರಾಬ್ಲುರ್‌ನಲ್ಲಿರುವವರು ಯಾವ ನೆಲಕ್ಕಾಗಿ ಹೋರಾಡಿದರೋ, ಅಲ್ಲಿ ಈಗ ಅವರ ಜನ ಹೆಚ್ಚುಕಡಿಮೆ ಯಾರೂ ಉಳಿದಿಲ್ಲ.