ಹದಿನಾಲ್ಕು ಕೋಟಿ ಹೆಕ್ಟೇರು ಹಾಗೆಯೇ ಇದೆ ಎನ್ನುವವರಿಗೆ

ಭೂಬಳಕೆಯ ಬಗ್ಗೆ ನನ್ನ ಬಳಿ ಪರಿಶೀಲನೆಗೆ ಬರುವ ವರದಿಗಳಲ್ಲಿ ಒಂದು ತೀರ್ಮಾನ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಭಾರತದ ನಿವ್ವಳ ಬಿತ್ತನೆ ಪ್ರದೇಶ (ವರ್ಷದಲ್ಲಿ ಎಷ್ಟು ಸಲ ಬಿತ್ತಿದರೂ ಒಂದು ಜಮೀನನ್ನು ಒಮ್ಮೆ ಮಾತ್ರ ಎಣಿಸುವ ಲೆಕ್ಕ) 1970ರಿಂದೀಚೆಗೆ ಸುಮಾರು 14 ಕೋಟಿ ಹೆಕ್ಟೇರಿನಲ್ಲೇ ನಿಂತಿದೆ, ಆದ್ದರಿಂದ ನಗರಗಳು ಬೆಳೆದು ಸಾಗುವಳಿ ಭೂಮಿ ಹೋಯಿತು ಎಂಬ ಆತಂಕ ಉತ್ಪ್ರೇಕ್ಷೆ, ಎಂಬುದು ಆ ತೀರ್ಮಾನ. ಅದರ ಮೊದಲ ಭಾಗದ ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯ ಭಾಗವನ್ನು ಮಾತ್ರ ಆ ಅಂಕಿಯಿಂದ ಯಾವ ದಾರಿಯಲ್ಲೂ ತಲುಪಲಾಗುವುದಿಲ್ಲ. ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ, ಕೆಲವೊಮ್ಮೆ ಹಿರಿಯ ಅಧಿಕಾರಿಗಳಿಗೂ ಇದನ್ನೇ ವಿವರಿಸುತ್ತ ಬಂದಿದ್ದೇನೆ. ಈ ಅಂಕಣದಲ್ಲಿಯೂ ಅದನ್ನೇ ವಿವರಿಸುತ್ತೇನೆ.

ನಮ್ಮ ದೇಶದ ಭೂಬಳಕೆಯ ಕೋಷ್ಟಕದಲ್ಲಿ ಒಂಬತ್ತು ವರ್ಗಗಳಿವೆ. ಅರಣ್ಯ, ಕೃಷಿಯೇತರ ಬಳಕೆ, ಬಂಜರು (ಸಾಗುವಳಿಗೆ ಒದಗದ ನೆಲ), ಹುಲ್ಲುಗಾವಲು, ಇತರೆ ಮರಬೆಳೆ ಮತ್ತು ತೋಪು, ಸಾಗುವಳಿಯೋಗ್ಯ ಬಂಜರು, ಇತರೆ ಬೀಳು, ಚಾಲ್ತಿ ಬೀಳು ಮತ್ತು ನಿವ್ವಳ ಬಿತ್ತನೆ. ಪ್ರತಿ ವರ್ಷ ಪ್ರತಿ ವರ್ಗದಲ್ಲಿ ಎಷ್ಟು ಹೆಕ್ಟೇರು ಇತ್ತು ಎಂಬುದನ್ನು ಈ ಕೋಷ್ಟಕ ಹೇಳುತ್ತದೆ. ಯಾವ ವರ್ಗದ ಯಾವ ಜಮೀನು ಯಾವ ವರ್ಗಕ್ಕೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ, ಹೇಳಲು ಅದನ್ನು ರೂಪಿಸಿಯೂ ಇಲ್ಲ. ಕೆರೆಗೆ ಒಂದು ಕಡೆಯಿಂದ ಕೆನ್ನೀರು ಬಂದು ಸೇರುತ್ತ, ಇನ್ನೊಂದು ಕಡೆ ತಿಳಿನೀರು ತೂಬಿನಲ್ಲಿ ಹರಿದುಹೋಗುತ್ತ ಇದ್ದರೂ ನೀರಿನ ಮಟ್ಟ ಒಂದೇ ಆಗಿರಬಹುದು. 14 ಕೋಟಿ ಎಂಬುದು ಆ ಮಟ್ಟವೇ ಹೊರತು ಕೆರೆಯಲ್ಲಿರುವ ನೀರಿನ ಗುಣವಲ್ಲ.

1950-51ರಲ್ಲಿ ಕೃಷಿಯೇತರ ಬಳಕೆಯಲ್ಲಿದ್ದ ಭೂಮಿ ಸುಮಾರು 94 ಲಕ್ಷ ಹೆಕ್ಟೇರು. 2010ರ ದಶಕದ ಹೊತ್ತಿಗೆ ಅದು 2.6 ಕೋಟಿ ಹೆಕ್ಟೇರನ್ನು ದಾಟಿತ್ತು. ಇದೇ ಅವಧಿಯಲ್ಲಿ ಬಂಜರು ಭೂಮಿ ಸುಮಾರು 3.8 ಕೋಟಿಯಿಂದ 1.7 ಕೋಟಿಯ ಆಸುಪಾಸಿಗೆ ಇಳಿಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ‘ಊರುಗಳೆಲ್ಲ ಬಂಜರಿನ ಮೇಲೆಯೇ ಎದ್ದಿವೆ’ ಎಂದು ಬರೆದುಬಿಡುತ್ತಾರೆ. ಇಂತಹದೊಂದು ಕರಡನ್ನು ತಂದಿದ್ದ ಸಂಶೋಧನಾ ವಿದ್ಯಾರ್ಥಿಯೊಬ್ಬರನ್ನು ನಾನು ಕೇಳಿದ್ದು ಇಷ್ಟೇ: ಊರು ಎಲ್ಲಿ ಬೆಳೆಯುತ್ತದೆ? ರಸ್ತೆ, ನೀರು, ಸಮತಟ್ಟಾದ ನೆಲ ಇದ್ದಲ್ಲಿ ಬೆಳೆಯುತ್ತದೆ, ಮತ್ತು ಅಂತಹ ನೆಲದಲ್ಲಿಯೇ ನಮ್ಮ ಹಿರಿಯರು ಹೊಲ, ಗದ್ದೆ, ತೋಟಗಳನ್ನು ಮಾಡಿಕೊಂಡಿದ್ದರು. 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಆರಂಭವಾದದ್ದು ಚಕ್ಕೋತಕ್ಕೂ ದ್ರಾಕ್ಷಿಗೂ ಹೆಸರಾದ ದೇವನಹಳ್ಳಿಯ ಸೀಮೆಯಲ್ಲಿ, ಸುಮಾರು 4,000 ಎಕರೆ ಪ್ರದೇಶದಲ್ಲಿ. ಆ ಎಕರೆಗಳು ಮೊದಲು ಯಾವ ವರ್ಗದಲ್ಲಿದ್ದವು ಎಂಬುದು ರಾಷ್ಟ್ರೀಯ ಕೋಷ್ಟಕದಲ್ಲಿ ಸಿಗುವುದಿಲ್ಲ. ಹಳ್ಳಿಯ ಸರ್ವೆ ನಂಬರುಗಳನ್ನೇ ಹಿಡಿದು ಹುಡುಕಬೇಕಾಗುತ್ತದೆ.

ಹಾಗಾದರೆ ಮಟ್ಟ ಏಕೆ ಇಳಿಯಲಿಲ್ಲ? ಬೇರೆಡೆ ಹೊಸ ಭೂಮಿ ಸಾಗುವಳಿಗೆ ಬಂದದ್ದು ಒಂದು ಮುಖ್ಯ ಕಾರಣ. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆಯ ನೀರು ಗಂಗಾನಗರ, ಬಿಕಾನೇರ್, ಜೈಸಲ್ಮೇರ್ ಕಡೆಯ ಮರಳುನೆಲವನ್ನು ಬಿತ್ತನೆಗೆ ತಂದಿತು. ಅದು ದೊಡ್ಡ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಾವೇರಿ ಬಯಲಿನ ಒಂದು ಹೆಕ್ಟೇರು ಗದ್ದೆ ಬಡಾವಣೆಯಾಗಿ, ಮರುಭೂಮಿಯ ಅಂಚಿನಲ್ಲಿ ಒಂದು ಹೆಕ್ಟೇರು ಹೊಸದಾಗಿ ಉಳುಮೆಗೆ ಬಂದರೆ ಕೋಷ್ಟಕದಲ್ಲಿ ವ್ಯತ್ಯಾಸ ಸೊನ್ನೆ. ಮಣ್ಣಿನ ಆಳ, ಮಳೆ, ನೀರಿನ ಖರ್ಚು, ಅಲ್ಲಿ ದುಡಿಯುತ್ತಿದ್ದ ಕುಟುಂಬ ಇವು ಯಾವುವೂ ಸೊನ್ನೆಯಲ್ಲ.

ಅದೇ ಜಮೀನಿನಲ್ಲಿ ಬೆಳೆ ಬದಲಾದಾಗಲೂ ಗೊಂದಲ ಹುಟ್ಟುತ್ತದೆ. ಕೇರಳದಲ್ಲಿ 1970ರ ದಶಕದ ನಡುವೆ ಸುಮಾರು 8.8 ಲಕ್ಷ ಹೆಕ್ಟೇರು ಇದ್ದ ಭತ್ತದ ಪ್ರದೇಶ ಮುಂದೆ 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಕುಸಿಯಿತು. ಗದ್ದೆಗಳನ್ನು ಉಳಿಸಿಕೊಳ್ಳಲೆಂದೇ ಆ ರಾಜ್ಯ 2008ರಲ್ಲಿ ಒಂದು ಕಾಯ್ದೆಯನ್ನು ತರಬೇಕಾಯಿತು. ಆದರೂ ಅಲ್ಲಿನ ನಿವ್ವಳ ಬಿತ್ತನೆ ಪ್ರದೇಶ ಅಷ್ಟರ ಮಟ್ಟಿಗೆ ಇಳಿಯಲಿಲ್ಲ, ಏಕೆಂದರೆ ತೆಂಗು, ರಬ್ಬರ್ ತೋಟಗಳೂ ನಿವ್ವಳ ಬಿತ್ತನೆಯ ಲೆಕ್ಕಕ್ಕೇ ಸೇರುತ್ತವೆ. ನಮ್ಮ ಕೋಲಾರ ಸೀಮೆಯದು ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ. ರಾಗಿ ಹೊಲದಲ್ಲಿ ನೀಲಗಿರಿ ನೆಟ್ಟರೆ ವರ್ಗೀಕರಣದ ನಿಯಮದಂತೆ ಆ ಜಮೀನು ಬಿತ್ತನೆಯಿಂದ ಹೊರಬಿದ್ದು ‘ಇತರೆ ಮರಬೆಳೆ ಮತ್ತು ತೋಪು’ ಎಂಬ ವರ್ಗಕ್ಕೆ ಹೋಗಬೇಕು. ಎರಡೂ ಕಡೆ ರೈತ ಧಾನ್ಯ ಬಿಟ್ಟು ಮರ ನೆಟ್ಟಿದ್ದಾನೆ, ಆದರೆ ಒಂದು ಕಡೆ ಕೋಷ್ಟಕ ಅಲುಗುವುದಿಲ್ಲ, ಇನ್ನೊಂದು ಕಡೆ ಅಲುಗುತ್ತದೆ.

ಕಾಲದ ಹೋಲಿಕೆಯಲ್ಲಿಯೂ ಎಚ್ಚರ ಬೇಕು. 1950-51ರಲ್ಲಿ ನಿವ್ವಳ ಬಿತ್ತನೆ 11.9 ಕೋಟಿ ಹೆಕ್ಟೇರು ಇತ್ತು, ಎರಡು ದಶಕಗಳಲ್ಲಿ 14 ಕೋಟಿ ತಲುಪಿತು. ಆದರೆ ಅದೇ ಎರಡು ದಶಕಗಳಲ್ಲಿ ವರದಿಯಾಗುವ ಭೂಪ್ರದೇಶವೇ, ಅಂದರೆ ಭೂಬಳಕೆಯ ಲೆಕ್ಕ ಸಿಗುವ ಒಟ್ಟು ಪ್ರದೇಶವೇ, ಸುಮಾರು 28.4 ಕೋಟಿಯಿಂದ 30.4 ಕೋಟಿ ಹೆಕ್ಟೇರಿಗೆ ಏರಿದ್ದರಿಂದ, ಆ ಹೆಚ್ಚಳವಷ್ಟೂ ಹೊಸ ಉಳುಮೆ ಎಂದು ನಾನು ಬರೆಯಲಾರೆ. ಬರಗಾಲದ 2002-03ರಲ್ಲಿ ನಿವ್ವಳ ಬಿತ್ತನೆ ಸುಮಾರು 13.2 ಕೋಟಿಗೆ ಇಳಿದು, ಮರುವರ್ಷವೇ 14 ಕೋಟಿಗೆ ಮರಳಿತು. ಅಂತಹ ಒಂದು ವರ್ಷವನ್ನು ಆರಂಭದ ಬಿಂದುವಾಗಿ ಹಿಡಿದರೆ ಯಾವ ವಾದವನ್ನು ಬೇಕಾದರೂ ನಿಲ್ಲಿಸಬಹುದು. ಮೂರು ವರ್ಷಗಳ ಸರಾಸರಿಗಿಂತ ಕಡಿಮೆ ಇಟ್ಟುಕೊಂಡ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಓಡಾಡುವಾಗ ನನಗೆ ಹೆಚ್ಚು ಕಾಣುವುದು ಬೀಳುಬಿಟ್ಟ ಹೊಲಗಳು. ಜಮೀನು ಮಾರಾಟವಾಗಿರುತ್ತದೆ, ಕೊಂಡವರು ಬೆಲೆ ಏರುವುದನ್ನು ಕಾಯುತ್ತಿರುತ್ತಾರೆ, ಭೂ ಪರಿವರ್ತನೆ ಇನ್ನೂ ಆಗಿರುವುದಿಲ್ಲ. ಅಂತಹ ಒಂದು ಹೊಲದ ಬದುವಿನಲ್ಲಿ ಹಸು ಮೇಯಿಸುತ್ತಿದ್ದ ವೃದ್ಧರೊಬ್ಬರು, ‘ಪಹಣೀಲಿ ಇನ್ನೂ ರಾಗಿ ಅಂತಾನೇ ಬರ್ತದೆ ಸ್ವಾಮಿ, ರಾಗಿ ಕಂಡು ನಾಕು ವರ್ಷ ಆಯ್ತು’ ಎಂದರು. ಬೆಳೆ ಕಾಲಂನಲ್ಲಿ ಹಳೆಯ ನಮೂದು ಹಾಗೆಯೇ ಮುಂದುವರಿದರೆ ಆ ಜಮೀನು ರಾಷ್ಟ್ರದ 14 ಕೋಟಿಯಲ್ಲಿ ಸೇರಿಯೇ ಇರುತ್ತದೆ. ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಬಂದ ಮೇಲೆ ಇಂತಹ ನಮೂದುಗಳನ್ನು ತಿದ್ದುವ ಅವಕಾಶ ಹೆಚ್ಚಿದೆ. ಸರಿಯಾಗಿ ನಮೂದಾದರೂ ಅದು ಮೊದಲ ವರ್ಷ ಚಾಲ್ತಿ ಬೀಳು, ಐದು ವರ್ಷದವರೆಗೆ ಇತರೆ ಬೀಳು, ಆಮೇಲೆ ಸಾಗುವಳಿಯೋಗ್ಯ ಬಂಜರು. ಮನೆ ಏಳುವವರೆಗೂ ಅದು ‘ಕೃಷಿಯೇತರ’ ಆಗುವುದಿಲ್ಲ.

ಯಾವ ಭೂಮಿ ಏನಾಯಿತು ಎಂದು ತಿಳಿಯಬೇಕಾದವರು ಎರಡು ಕಾಲದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2004-05ರಿಂದ ಉಪಗ್ರಹ ಚಿತ್ರಗಳ ಆಧಾರದ ಭೂಬಳಕೆ ನಕ್ಷೆಗಳನ್ನು ತಯಾರಿಸುತ್ತಿದೆ. ಅವುಗಳಿಗೂ ಮಿತಿಯಿದೆ. ಆ ಚಿತ್ರಗಳಲ್ಲಿ 56 ಮೀಟರು ಚೌಕದ ನೆಲವೆಲ್ಲ ಒಂದೇ ಬಿಂದುವಾಗಿ ಕಾಣುತ್ತದೆ, ಅಂದರೆ ಮುಕ್ಕಾಲು ಎಕರೆಗೂ ತುಸು ಹೆಚ್ಚು, ಮತ್ತು ನಮ್ಮ ಸಣ್ಣ ರೈತರ ಎಷ್ಟೋ ತಾಕುಗಳು ಅದಕ್ಕಿಂತ ಚಿಕ್ಕವು. ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವವರಿಗೆ ನನ್ನ ಸಲಹೆ ಹೀಗಿದೆ. ನಿವ್ವಳ ಬಿತ್ತನೆಯ ಕಾಲಂನಿಂದ ಆರಂಭಿಸಬೇಡಿ. ಕೃಷಿಯೇತರ ಬಳಕೆ ಮತ್ತು ಎರಡೂ ಬಗೆಯ ಬೀಳುಗಳ ಹತ್ತು ವರ್ಷದ ಅಂಕಿಗಳನ್ನು ಮೊದಲು ಬರೆದುಕೊಳ್ಳಿ. ಅವು ಏರಿರುವ ಗ್ರಾಮಗಳನ್ನು ಗುರುತಿಸಿ, ಆ ಗ್ರಾಮಗಳ ಭೂ ಪರಿವರ್ತನೆಯ ಆದೇಶಗಳನ್ನು ಪಹಣಿಯೊಂದಿಗೆ ತಾಳೆ ನೋಡಿ, ಆಮೇಲೆ ಹೊಲಕ್ಕೇ ಹೋಗಿ ನಿಂತು ನೋಡಿ.