ಎರಡನೇ ಬಲ್ಬು ಯಾಕೆ ಮಂಕು?

ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಶುರುವಾದಾಗ ಎರಡು ಟಾರ್ಚ್ ಬಲ್ಬು, ಮೂರು ಸೆಲ್ಲು, ಒಂದಿಷ್ಟು ವೈರು ಹಿಡಿದುಕೊಂಡೇ ನಾನು ಒಳಗೆ ಹೋಗುವುದು. ಆ ಹಳೇ ಬಲ್ಬು ಈಗ ಸಿಗುವುದೇ ಕಷ್ಟ. ಎಲ್ಲ ಟಾರ್ಚೂ ಎಲ್‌ಇಡಿ ಆಗಿವೆ. ಎರಡು ವರ್ಷದ ಹಿಂದೆ ಸಂತೆಬೀದಿಯ ಅಂಗಡಿಯೊಂದರಲ್ಲಿ ಧೂಳು ಹಿಡಿದ ಡಬ್ಬಿ ತಡಕಾಡಿ ಎರಡು ಕೊಟ್ಟರು. ನೋಡಲು ಎರಡೂ ಒಂದೇ ಥರ ಇದ್ದವು.

ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದಾಗಿ, ಜೋಡಿಸುವ ಮುಂಚೆ ಮಕ್ಕಳನ್ನು ಕೇಳಿದೆ. "ಕರೆಂಟು ಮೊದಲು ಈ ಬಲ್ಬಿಗೆ ಬಂದು ಆಮೇಲೆ ಆ ಬಲ್ಬಿಗೆ ಹೋಗುತ್ತೆ. ಯಾವುದು ಜಾಸ್ತಿ ಉರಿಯುತ್ತೆ? ನೋಟ್‌ಬುಕ್ಕಲ್ಲಿ ಬರೀರಿ. ಬರೆದ ಮೇಲೆ ಅಳಿಸೋ ಹಾಗಿಲ್ಲ." 42 ಮಕ್ಕಳಲ್ಲಿ ಮೂವತ್ತಕ್ಕೂ ಜಾಸ್ತಿ ಮಂದಿ 'ಮೊದಲನೇದು' ಅಂತ ಬರೆದರು. ಕಾರಣವನ್ನೂ ಕೊಟ್ಟರು: "ಮೊದಲನೇ ಬಲ್ಬು ಸ್ವಲ್ಪ ಕರೆಂಟು ತಿಂದುಬಿಡುತ್ತೆ ಮೇಡಂ. ಉಳಿದಿದ್ದು ಎರಡನೇದಕ್ಕೆ." ನಮ್ಮದು ಹಿರಿಯೂರು ಸೀಮೆ. ವಾಣಿವಿಲಾಸ ಸಾಗರದ ನಾಲೆ ನೋಡಿಕೊಂಡು ಬೆಳೆದ ಮಕ್ಕಳು. ಮೇಲಿನ ಹೊಲದವರು ನೀರು ಹರಿಸಿಕೊಂಡ ಮೇಲೆ ಕೊನೇ ಹೊಲದವರ ಪಾಡೇನು ಅಂತ ಅವರಿಗೆ ಗೊತ್ತು. ಕರೆಂಟೂ ಹಾಗೇ ಅಂದುಕೊಳ್ಳುವುದರಲ್ಲಿ ಏನು ಆಶ್ಚರ್ಯ?

ಸ್ವಿಚ್ ಒತ್ತಿದೆ. ಎರಡನೇ ಬಲ್ಬು ಮಂಕಾಗಿಯೇ ಉರಿಯಿತು. ಇಡೀ ತರಗತಿ "ಹೋ" ಅಂತ ಕೂಗಿತು. ನಾನು ಪೆಚ್ಚಾದೆ. ಸರಣಿ ಜೋಡಣೆಯಲ್ಲಿ ಎಲ್ಲ ಕಡೆ ವಿದ್ಯುತ್ ಪ್ರವಾಹ ಒಂದೇ ಅನ್ನುತ್ತದೆ ಪುಸ್ತಕ. ಕಣ್ಣೆದುರಿನ ಬಲ್ಬು ಮಕ್ಕಳ ಪರ ಸಾಕ್ಷಿ ಹೇಳುತ್ತಿದೆ. "ಇಲ್ಲ, ಪುಸ್ತಕದಲ್ಲಿರೋದೇ ಸರಿ" ಅಂದುಬಿಟ್ಟರೆ ಪರೀಕ್ಷೆಗೆ ಹಾಗೇ ಬರೆಯುತ್ತಾರೆ, ಮನಸ್ಸಿನಲ್ಲಿ ನಾಲೆ ನೀರನ್ನೇ ಇಟ್ಟುಕೊಂಡಿರುತ್ತಾರೆ.

ಆಗ ಲ್ಯಾಪ್‌ಟಾಪ್ ತೆಗೆದೆ. ಫೆಟ್ ಅಂತ ಒಂದು ತಾಣ ಇದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪ್ರಯೋಗವನ್ನು ಪರದೆಯ ಮೇಲೇ ಮಾಡಿ ನೋಡುವ ಅದರ ಸಿಮ್ಯುಲೇಶನ್‌ಗಳೆಲ್ಲ ಉಚಿತ, ಎಷ್ಟೋ ಕನ್ನಡದಲ್ಲೂ ಸಿಗುತ್ತವೆ. ಅದರ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್‌ನಲ್ಲಿ 9 ವೋಲ್ಟ್ ಬ್ಯಾಟರಿಗೆ ತಲಾ 10 ಓಮ್ ರೋಧದ (ರೋಧ ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ) ಎರಡು ಬಲ್ಬು ಸರಣಿಯಲ್ಲಿ ಹಾಕಿದೆ. ಎರಡೂ ಸಮನಾಗಿ ಉರಿದವು. ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೇದರ ಆಚೆ ಹೀಗೆ ಮೂರು ಕಡೆ ಕರೆಂಟು ಅಳೆಯುವ ಅಮ್ಮೀಟರ್ ಇಟ್ಟೆವು. ಮೂರೂ ಕಡೆ 0.45 ಆಂಪಿಯರ್.

ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗನೊಬ್ಬ, "ಅದು ಕಂಪ್ಯೂಟರ್‌ನೋರು ಹಾಗೆ ಬರೋ ಥರ ಮಾಡಿಟ್ಟಿರ್ತಾರೆ ಬಿಡಿ ಮೇಡಂ" ಅಂದ.

ಆ ವರ್ಷ ತರಗತಿಯಲ್ಲಿ ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಯಾಕೆಂದರೆ ಅವನು ಹೇಳಿದ್ದು ಪೂರ್ತಿ ನಿಜ. ಸಿಮ್ಯುಲೇಶನ್ ಅಂದರೆ ನಿಯಮವನ್ನು ಒಳಗೆ ಬರೆದಿಟ್ಟ ಒಂದು ಪ್ರೋಗ್ರಾಂ. ಬರೆದದ್ದೇ ಹೊರಗೆ ಬರುತ್ತದೆ. ಪ್ರಕೃತಿ ಹಾಗೇ ನಡೆಯುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. "ಸರಿ ಕಣೋ, ಹಾಗಾದರೆ ಯಾರು ಸರಿ ಅಂತ ಈ ನಿಜವಾದ ಬಲ್ಬಿನಲ್ಲೇ ಹೇಗೆ ಕಂಡುಹಿಡಿಯೋದು?" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೊನೇ ಸಾಲಿನಿಂದ ಒಂದು ಹುಡುಗಿ ಮೆಲ್ಲಗೆ, "ಎರಡನ್ನೂ ಅದಲುಬದಲು ಮಾಡಿ ನೋಡೋಣ" ಅಂದಳು.

ಮಾಡಿದೆವು. ಮಂಕಾಗಿದ್ದ ಬಲ್ಬು ಈಗ ಮೊದಲನೇ ಜಾಗಕ್ಕೆ ಬಂದಿತ್ತು. ಅಲ್ಲಿಯೂ ಅದು ಮಂಕಾಗಿಯೇ ಉರಿಯಿತು. ಅಂದರೆ ದೋಷ ಜಾಗದ್ದಲ್ಲ, ಬಲ್ಬಿನದು. ಕನ್ನಡಕ ಸರಿಮಾಡಿಕೊಂಡು ಬಲ್ಬಿನ ಕುತ್ತಿಗೆ ನೋಡಿದರೆ ಒಂದರ ಮೇಲೆ 2.5 ವೋಲ್ಟ್, ಇನ್ನೊಂದರ ಮೇಲೆ 3.8 ವೋಲ್ಟ್ ಅಂತ ಸಣ್ಣಗೆ ಕೊರೆದಿತ್ತು. ಅಂಗಡಿಯವರು ಬೇರೆ ಬೇರೆ ಬಲ್ಬು ಕೊಟ್ಟಿದ್ದರು. ಹರಿಯುವ ಪ್ರವಾಹ ಒಂದೇ, ರೋಧ ಬೇರೆ. ರೋಧ ಜಾಸ್ತಿ ಇದ್ದದ್ದು ಜಾಸ್ತಿ ಬೆಳಗಿತು. ಆಮೇಲೆ ಮಲ್ಟಿಮೀಟರ್ ಹಾಕಿದ್ದು ಸುಮ್ನೆ ಖಾತ್ರಿಗೆ.

ಆ ಒಂದು ಪಿರಿಯಡ್ಡು ನನ್ನ ಕ್ರಮವನ್ನೇ ಬದಲಿಸಿತು. ಸಿಮ್ಯುಲೇಶನ್ ಇಲ್ಲದಿದ್ದರೆ ಮಕ್ಕಳ ತಪ್ಪು ಕಲ್ಪನೆಗೆ ನನ್ನ ಬಲ್ಬುಗಳೇ ಠಸ್ಸೆ ಒತ್ತಿರುತ್ತಿದ್ದವು. ಬರೀ ಸಿಮ್ಯುಲೇಶನ್ ತೋರಿಸಿದ್ದರೆ ಆ ಹುಡುಗನ ಅನುಮಾನ ಹಾಗೇ ಉಳಿಯುತ್ತಿತ್ತು. ಪರದೆಗೆ ಮುಂಚೆ ಮಕ್ಕಳ ಊಹೆ ಕಾಗದದ ಮೇಲೆ ಇರಬೇಕು. ಪರದೆ ನೋಡಿದ ಮೇಲೆ ಮತ್ತೆ ಮೇಜಿಗೆ ಬರಬೇಕು. ಪರದೆಯ ಜಾಗ ನಡುವೆ. ನಾನು ಈಗ ಪಾಠ ಟಿಪ್ಪಣಿ ಬರೆಯುವುದೂ ಹಾಗೇ.

ಮೊದಲು ಹೀಗಿರಲಿಲ್ಲ. ಶಾಲೆಗೆ ಪ್ರೊಜೆಕ್ಟರ್ ಬಂದ ಹೊಸತರಲ್ಲಿ ಎಂಟನೇ ತರಗತಿಗೆ ಜೀವಕೋಶದ ಬಗ್ಗೆ 18 ನಿಮಿಷದ ವಿಡಿಯೋ ಹಾಕಿದ್ದೆ. ಎಂಥಾ ಚಂದದ ಅನಿಮೇಶನ್! ಪಿನ್ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಎಚ್ಎಂ ಬಾಗಿಲಲ್ಲಿ ಬಗ್ಗಿ ನೋಡಿ ತಲೆಯಾಡಿಸಿ ಹೋದರು. ಮಾರನೇ ದಿನ "ಏನು ನೋಡಿದ್ರಿ?" ಅಂತ ಕೇಳಿದರೆ ಮಕ್ಕಳಿಗೆ ನೆನಪಿದ್ದದ್ದು ಮ್ಯೂಸಿಕ್ಕು. ಒಬ್ಬ ಅದನ್ನು ಬಾಯಲ್ಲೇ ನುಡಿಸಿ ತೋರಿಸಿದ. ಈಗ ವಿಡಿಯೋ ಹಾಕಿದರೆ ಎರಡು ಮೂರು ನಿಮಿಷ ಅಷ್ಟೆ. ಅದನ್ನೂ ಮ್ಯೂಟ್ ಮಾಡಿ ನಾನೇ ಮಾತಾಡುತ್ತೇನೆ, ಇಲ್ಲವೇ ಒಬ್ಬ ವಿದ್ಯಾರ್ಥಿಗೆ ಕಾಮೆಂಟರಿ ಕೊಡಲು ಹೇಳುತ್ತೇನೆ. ಕ್ರಿಕೆಟ್ ಕಾಮೆಂಟರಿ ಥರ. ಏನು ಅರ್ಥವಾಗಿಲ್ಲ ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಮ್ಯೂಟ್ ಮಾಡಲು ಇನ್ನೊಂದು ಕಾರಣ ಭಾಷೆ. ನಮ್ಮ ಪಠ್ಯದಲ್ಲಿ 'ವಿಭವಾಂತರ' ಅಂತ ಇರುತ್ತದೆ. ವಿಡಿಯೋದವರು 'ಪೊಟೆನ್ಶಿಯಲ್ ಡಿಫರೆನ್ಸ್' ಅನ್ನುತ್ತಾರೆ. ಮನೆಯಲ್ಲಿ ಅಪ್ಪ 'ವೋಲ್ಟೇಜ್ ಇಲ್ಲ, ಮೋಟರ್ ಎತ್ತಲ್ಲ' ಅನ್ನುತ್ತಾರೆ. ಮೂರೂ ಒಂದೇ ವಿಷಯ ಅಂತ ಯಾರಾದರೂ ಹೇಳಬೇಕಲ್ಲ. ಬೋರ್ಡಿನ ಬಲಗಡೆ ಒಂದು ಪಟ್ಟಿ ಎಳೆದು ಮೂರು ಮಾತನ್ನೂ ಅಕ್ಕಪಕ್ಕ ಬರೆದಿಡುತ್ತೇನೆ. ಪಠ್ಯದಲ್ಲಿರುವ, ಸರ್ಕಾರದ ಕಲಿಕಾ ತಾಣ ದೀಕ್ಷಾದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮನೆಯಲ್ಲಿ ನೋಡುವ ಮಕ್ಕಳಿಗೂ ಈ ಪಟ್ಟಿ ಕೆಲಸಕ್ಕೆ ಬರುತ್ತದೆ. ಆದರೆ ಫೋನು ಅಪ್ಪನ ಜೇಬಲ್ಲಿರುತ್ತದೆ, ಅಪ್ಪ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಹಾಗಾಗಿ 'ಮನೆಯಲ್ಲಿ ನೋಡಿಕೊಂಡು ಬನ್ನಿ' ಅನ್ನುವ ಹೋಂವರ್ಕ್ ನಾನು ಕೊಡುವುದಿಲ್ಲ.

ನೆಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಳೆ ಬಂದರೆ ಹೋಗುತ್ತದೆ. ಫೆಟ್‌ನ ಹೊಸ ಸಿಮ್ಯುಲೇಶನ್‌ಗಳು ಒಂದೊಂದು ಫೈಲಾಗಿ ಡೌನ್‌ಲೋಡ್ ಆಗುತ್ತವೆ. ಪೆನ್‌ಡ್ರೈವ್‌ನಲ್ಲಿಟ್ಟುಕೊಂಡರೆ ಬ್ರೌಸರ್‌ನಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತವೆ. ಒಂದೇ ಪರದೆ, 42 ಮಕ್ಕಳು. ಮೌಸ್ ಮಾತ್ರ ನನ್ನ ಕೈಯಲ್ಲಿ ಇರಬಾರದು. ಒಬ್ಬರು ಬಂದು ಕೂರುತ್ತಾರೆ, ಉಳಿದವರು ಹೇಳಿದಂತೆ ಮಾಡುತ್ತಾರೆ. ಐದು ನಿಮಿಷಕ್ಕೆ ಬದಲು. ಮೊದಲ ಐದು ನಿಮಿಷ ಏನು ಮಾಡಿದರೂ ಬೈಯುವುದಿಲ್ಲ. ಬ್ಯಾಟರಿಯ ಎರಡು ತುದಿಗೆ ನೇರ ವೈರ್ ಕೊಟ್ಟರೆ ಪರದೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ಪ್ರತಿ ಬ್ಯಾಚೂ ಅದನ್ನು ಕಂಡುಹಿಡಿದೇ ತೀರುತ್ತದೆ. ಮನೆಯ ಸಾಕೆಟ್‌ನಲ್ಲಿ ಕಂಡುಹಿಡಿಯುವುದಕ್ಕಿಂತ ಇದು ವಾಸಿ, ಅಲ್ವಾ?

ಪರದೆ ತನ್ನದೇ ತಪ್ಪು ಕಲ್ಪನೆಗಳನ್ನೂ ಬಿತ್ತುತ್ತದೆ. ಅದೇ ಸರ್ಕ್ಯೂಟ್ ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನುಗಳು ನೀಲಿ ಗುಂಡುಗಳಾಗಿ ಸಾಲಾಗಿ ಹೋಗುತ್ತವೆ. ಕಿರುಪರೀಕ್ಷೆಯಲ್ಲಿ ಒಬ್ಬಳು ನೀಟಾಗಿ ಬರೆದಿದ್ದಳು: 'ಎಲೆಕ್ಟ್ರಾನ್ ಋಣ ಆವೇಶ ಹೊಂದಿದೆ, ನೀಲಿ ಬಣ್ಣದ್ದು.' ತಪ್ಪು ಅವಳದಲ್ಲ, ನನ್ನದು. ಅಂದಿನಿಂದ ಪ್ರತಿ ಸಿಮ್ಯುಲೇಶನ್ ಮುಗಿದ ಮೇಲೆ ಒಂದು ಪ್ರಶ್ನೆ ಕಡ್ಡಾಯ: "ಇದರಲ್ಲಿ ಸುಳ್ಳು ಯಾವುದು?" ಬಣ್ಣ, ಗಾತ್ರ, ವೇಗ, ವೈರಿಗೆ ರೋಧವೇ ಇಲ್ಲದಂತೆ ತೋರಿಸಿದ್ದು, ಎಲ್ಲ ಹೊರಗೆ ಬರುತ್ತದೆ. ಮಕ್ಕಳಿಗೆ ದೊಡ್ಡವರ ಸುಳ್ಳು ಹಿಡಿಯುವುದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಸಿಮ್ಯುಲೇಶನ್ ಮಾಡಿದವರಾದರೂ ವಿಷಯ ಬಲ್ಲವರು. ವಿಡಿಯೋಗಳ ಕಥೆ ಬೇರೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಮೇಲೆ ಬೋರಲು ಹಾಕಿದ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. 'ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು' ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಎಷ್ಟೋ ಮೇಷ್ಟ್ರುಗಳೂ ಹಾಗೇ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಒಬ್ಬ ಹುಡುಗ ಅಂಥ ವಿಡಿಯೋ ನೋಡಿಕೊಂಡು ಬಂದಾಗ ಒಂದು ಬತ್ತಿಯಲ್ಲಿ ಮಾಡಿ, ಅದೇ ಲೋಟದಲ್ಲಿ ಮೂರು ಬತ್ತಿ ಇಟ್ಟು ಮಾಡಿಸಿದೆ. ಮೂರು ಬತ್ತಿಗೆ ನೀರು ಇನ್ನೂ ಮೇಲೆ ಏರಿತು. ಲೋಟದೊಳಗಿನ ಆಮ್ಲಜನಕ ಅಷ್ಟೇ ತಾನೇ? ಲೋಟ ಮುಚ್ಚುವಾಗ ಅಂಚಿನಿಂದ ಗುಳ್ಳೆ ಹೊರಬಂದದ್ದನ್ನು ಒಬ್ಬಳು ಗಮನಿಸಿದ್ದಳು. ಬಿಸಿಗೆ ಹಿಗ್ಗಿದ ಗಾಳಿ ಹೊರಗೆ ಹೋಗಿತ್ತು. ಬತ್ತಿ ಆರಿ ಉಳಿದ ಗಾಳಿ ತಣ್ಣಗಾದಾಗ ಒಳಗಿನ ಒತ್ತಡ ಇಳಿಯಿತು, ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳಿತು. ಮುಖ್ಯ ಕಾರಣ ಇದು. ತಪ್ಪು ವಿಡಿಯೋ ಇಷ್ಟು ಒಳ್ಳೇ ಪಾಠ ಕೊಡುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಕೆಲವು ತಾಣಗಳು ಮಕ್ಕಳಿಗಲ್ಲ, ನಮಗೆ. ಅರವಿಂದ ಗುಪ್ತ ಅವರ ಕಸದಿಂದ ಆಟಿಕೆ ಮಾಡುವ ತಾಣವನ್ನು ನಾನು ಹಿಂದಿನ ರಾತ್ರಿ ನೋಡುತ್ತೇನೆ, ತರಗತಿಯಲ್ಲಿ ತೋರಿಸುವುದಿಲ್ಲ. ಅಲ್ಲಿರುವುದು ಕೈಯಲ್ಲಿ ಮಾಡಬೇಕಾದ್ದು. ಸ್ಟ್ರಾ ಕತ್ತರಿಸಿ ಪೀಪಿ ಮಾಡುವುದನ್ನು ಪರದೆಯಲ್ಲಿ ನೋಡಿ ಏನು ಬಂತು? ಲಿಟ್ಮಸ್, ಆಯಸ್ಕಾಂತ, ಮೊಳಕೆ ಕಾಳು ಇವಕ್ಕೂ ಪರದೆ ಬೇಡ. ಭೂಕಂಪಕ್ಕೆ ಬೇಕು. ಅಮೆರಿಕದ ಭೂವಿಜ್ಞಾನ ಸಂಸ್ಥೆಯ ನಕ್ಷೆ ತೆರೆದರೆ ಕಳೆದ 24 ಗಂಟೆಯಲ್ಲಿ ಎಲ್ಲೆಲ್ಲಿ ಭೂಮಿ ನಡುಗಿತು ಅಂತ ಚುಕ್ಕೆಗಳು ಕಾಣುತ್ತವೆ. ಭೂಕಂಪ ಅಂದರೆ ಯಾವಾಗಲೋ ಒಮ್ಮೆ ಅಂದುಕೊಂಡಿದ್ದ ಮಕ್ಕಳು ಆ ಪಟ್ಟಿಯ ಉದ್ದ ನೋಡಿ ಸುಮ್ಮನಾಗುತ್ತಾರೆ.

ಫೋನಿನ ಸೆನ್ಸರ್‌ಗಳನ್ನೇ ಅಳತೆಯ ಸಾಧನ ಮಾಡುವ ಫೈಫಾಕ್ಸ್ ಅನ್ನುವ ಆ್ಯಪ್ ಕೂಡ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ್ದು. 5 ಮೀಟರ್ ದೂರದಲ್ಲಿ ಎರಡು ಫೋನಿಟ್ಟು, ಮೊದಲು ಒಂದರ ಪಕ್ಕ, ಆಮೇಲೆ ಇನ್ನೊಂದರ ಪಕ್ಕ ಚಪ್ಪಾಳೆ ಹೊಡೆದರೆ ಮೊದಲ ಸದ್ದಿಗೆ ಓಡಿ ಎರಡನೇ ಸದ್ದಿಗೆ ನಿಲ್ಲುವ ಎರಡು ಗಡಿಯಾರಗಳ ವ್ಯತ್ಯಾಸದಿಂದ ಶಬ್ದದ ವೇಗ ಸಿಗುತ್ತದೆ. ಎರಡು ಚಪ್ಪಾಳೆ ಸೇರಿ ಶಬ್ದ ಸಾಗುವ 10 ಮೀಟರ್‌ಗೆ ವ್ಯತ್ಯಾಸ ಸುಮಾರು 0.029 ಸೆಕೆಂಡ್. ಪಕ್ಕದ ಕೋಣೆಯಲ್ಲಿ ಪದ್ಯ ಬಾಯಿಪಾಠ ನಡೆಯುತ್ತಿದ್ದರೆ ಮಾತ್ರ ಗಡಿಯಾರ ಅವರ ರಾಗಕ್ಕೇ ಓಡಿಬಿಡುತ್ತದೆ. ಕನ್ನಡ ಮೇಷ್ಟ್ರ ಜೊತೆ ಪಿರಿಯಡ್ ಹೊಂದಿಸಿಕೊಳ್ಳಬೇಕು.

ಕೊನೆಯದಾಗಿ ಸೂರ್ಯ. 'ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರ್ತಾನೆ' ಅನ್ನುವುದು ನಮ್ಮ ಮಾತಿನಲ್ಲೇ ಇದೆ. ದಿನಾ ಬರ್ತಾನಾ ಅಂತ ಕೇಳಿದರೆ ಹೂಂ ಅನ್ನದ ಮಗುವಿಲ್ಲ. ಸ್ಟೆಲೇರಿಯಂ ಅನ್ನುವ ಉಚಿತ ಆಕಾಶ ತಂತ್ರಾಂಶದಲ್ಲಿ ನಮ್ಮ ಊರನ್ನು ಹಾಕಿ ದಿನ ಬದಲಿಸುತ್ತಾ ಹೋದೆವು. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿ ಮಾತ್ರ. ಜೂನ್ 21ಕ್ಕೆ ಉತ್ತರಕ್ಕೆ ವಾಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಂಬಲಿಲ್ಲ. ಜೂನ್‌ನಲ್ಲಿ ಒಂದು ಮೀಟರ್ ಕೋಲು ನೆಟ್ಟು ಅಳೆದರು. 17 ಸೆಂಟಿಮೀಟರ್, ದಕ್ಷಿಣಕ್ಕೇ.

ಹಾಗಾದರೆ ನೆರಳೇ ಇಲ್ಲದ ದಿನ ಯಾವುದು? ವರ್ಷಕ್ಕೆ ಎರಡು ಬಾರಿ ಬರುತ್ತದೆ. ಬೆಂಗಳೂರಿಗೆ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ನಮಗೆ ಬೇಸಿಗೆ ರಜೆ. ನಮ್ಮ ಊರು ಸ್ವಲ್ಪ ಉತ್ತರಕ್ಕಿದೆ, ಹಾಗಾಗಿ ಎರಡನೇ ದಿನ ಬೆಂಗಳೂರಿಗಿಂತ ಮುಂಚೆಯೇ ಬರುತ್ತದೆ. ಸ್ಟೆಲೇರಿಯಂನಲ್ಲಿ ಒಂದೊಂದೇ ದಿನ ಮುಂದೆ ತಳ್ಳುತ್ತಿದ್ದ ಹುಡುಗಿ ಒಂದು ದಿನಾಂಕಕ್ಕೆ ನಿಂತಳು. "ಮೇಡಂ, ಆಗಸ್ಟ್ 15! ಧ್ವಜದ ಕಂಬ!"

ಆ ಸ್ವಾತಂತ್ರ್ಯ ದಿನ ಭಾಷಣ, ಲಾಡು ಎಲ್ಲ ಮುಗಿದು ಊರಿಗೆ ಊರೇ ಮನೆಗೆ ಹೋದರೂ ಹತ್ತನೇ ತರಗತಿ ಮೈದಾನ ಬಿಡಲಿಲ್ಲ. ಹನ್ನೆರಡೂಕಾಲಿಗೆ ಮೋಡ. ನಮ್ಮ ಲೆಕ್ಕದ ಸಮಯ 12.28. ಎಲ್ಲರೂ ಕಂಬದ ಸುತ್ತ ಕುಕ್ಕರಗಾಲಲ್ಲಿ ಕೂತು ನೆಲವನ್ನೇ ನೋಡುತ್ತಿದ್ದೆವು. ಪಾತ್ರೆ ತೊಳೆದು ಮನೆಗೆ ಹೊರಟಿದ್ದ ಬಿಸಿಯೂಟದ ಅಕ್ಕ ನಿಂತು, "ಏನು ಕಳ್ಕೊಂಡ್ರಿ ಮೇಡಂ, ನಾನೂ ಹುಡುಕ್ಲಾ?" ಅಂದರು.

"ನೆರಳು ಅಕ್ಕಾ" ಅಂದ ಮೂರನೇ ಬೆಂಚಿನ ಹುಡುಗ. ಆಗಲೇ ಮೋಡ ಸರಿಯಿತು.